ಮೊದಲು ತೂಕ, ಕೊನೆಗೆ ರೆಕ್ಕೆ: ಆಟದಲ್ಲಿ ಲಾಗ ಹಾಕದ ವಿಮಾನ ಕಟ್ಟುವ ಬಗೆ

ನನ್ನ ಮೊದಲ ವಿಮಾನ ನೋಡಲು ಚೆನ್ನಾಗಿಯೇ ಇತ್ತು. ಚೂಪು ಮೂತಿ, ಹಿಂದಕ್ಕೆ ಬಾಗಿದ ರೆಕ್ಕೆ, ಬಾಲದಲ್ಲಿ ಎರಡು ದೊಡ್ಡ ಜೆಟ್ ಎಂಜಿನ್. ರನ್‌ವೇ ಮೇಲೆ ಜೋರಾಗಿ ಓಡಿತು. ಚಕ್ರ ನೆಲ ಬಿಟ್ಟಿತು, ಮೂತಿ ಮೇಲೆದ್ದಿತು. ಎದ್ದ ಮೂತಿ ಮತ್ತೆ ಇಳಿಯಲೇ ಇಲ್ಲ. ಹಿಂದಕ್ಕೆ ಒಂದು ಲಾಗ ಹಾಕಿ ನೆಲಕ್ಕೆ ಬಡಿಯಿತು. ಶಕ್ತಿ ಸಾಲಲಿಲ್ಲವೇನೋ ಅಂದುಕೊಂಡು ಬಾಲಕ್ಕೆ ಮೂರನೇ ಎಂಜಿನ್ ಹಾಕಿದೆ. ಲಾಗ ಇನ್ನೂ ಬೇಗ ಬಂತು.

ತಪ್ಪು ಎಲ್ಲಿತ್ತು ಎಂದು ಹೊಳೆಯಲು ಬಹಳ ದಿನ ಹಿಡಿಯಿತು. ನಾನು ಮೊದಲು ರೂಪ ಕಟ್ಟಿ, ಆಮೇಲೆ ತೂಕ ಸರಿಮಾಡಲು ಹೋಗುತ್ತಿದ್ದೆ. ಕ್ರಮ ಉಲ್ಟಾ ಆಗಬೇಕು. ಭಾರದ ಸಾಮಾನನ್ನೆಲ್ಲ ಮೊದಲು ಜೋಡಿಸಿ, ಆಮೇಲೆ ಬಾಲ ಇಟ್ಟು, ರೆಕ್ಕೆಯನ್ನು ಕೊನೆಗೆ ಸರಿಸಿ ಕೂರಿಸಬೇಕು. ಯಾಕೆಂದರೆ ಎಂಜಿನ್‌ಗೆ ಅದರದೇ ಜಾಗ ಬೇಕು, ಕಾಕ್‌ಪಿಟ್‌ಗೂ ಅಷ್ಟೇ. ಹಿಂದೆ ಮುಂದೆ ಸುಲಭವಾಗಿ ಜರುಗಿಸಬಹುದಾದ ದೊಡ್ಡ ಭಾಗ ಎಂದರೆ ರೆಕ್ಕೆ. ಅದನ್ನು ಮೊದಲೇ ಅಂಟಿಸಿಬಿಟ್ಟರೆ ಕೈಯಲ್ಲಿದ್ದ ಒಂದೇ ಬೀಗದ ಕೈಯನ್ನು ಬಾವಿಗೆ ಎಸೆದಂತೆ.

ಉದಾಹರಣೆಗಳನ್ನು ನಾನು ಜಾಸ್ತಿ ಆಡಿರುವ ಕೆರ್ಬಲ್ ಸ್ಪೇಸ್ ಪ್ರೋಗ್ರಾಂ ಮತ್ತು ಸಿಂಪಲ್‌ಪ್ಲೇನ್ಸ್ ಎಂಬ, ವಿಮಾನ ಕಟ್ಟಿ ಹಾರಿಸುವ ಕಂಪ್ಯೂಟರ್ ಆಟಗಳಿಂದ ಕೊಡುತ್ತೇನೆ. ಗಾಳಿಯ ಬಲವನ್ನು ಲೆಕ್ಕ ಹಾಕುವ ಬೇರೆ ಆಟಗಳಿಗೂ ಇದೇ ದಾರಿ ನಡೆಯುತ್ತದೆ. ಒಂದು ಮಾತು: ಕೆರ್ಬಲ್‌ನ 1.0 ಆವೃತ್ತಿ 2015ರ ಏಪ್ರಿಲ್‌ನಲ್ಲಿ ಬಂದಾಗ ಅದರ ಗಾಳಿಯ ಲೆಕ್ಕವೇ ಬದಲಾಯಿತು. ಅದಕ್ಕೂ ಮುಂಚಿನ ಸಲಹೆಗಳು ಕಣ್ಣಿಗೆ ಬಿದ್ದರೆ ನಂಬಿ ಕೆಡಬೇಡಿ.

ಮೂರು ಚುಕ್ಕೆಗಳು

ವಿಮಾನ ಕಟ್ಟುವ ಪರದೆಯಲ್ಲಿ ಮೂರು ಗುರುತುಗಳನ್ನು ತೋರಿಸುವ ಬಟನ್ ಇರುತ್ತದೆ. ತೂಕದ ಕೇಂದ್ರ, ಲಿಫ್ಟ್ ಕೇಂದ್ರ, ಥ್ರಸ್ಟ್ (ಎಂಜಿನ್ ತಳ್ಳುವ ಬಲ) ಕೇಂದ್ರ. ಕೆರ್ಬಲ್‌ನಲ್ಲಿ ಇವು ಕ್ರಮವಾಗಿ ಹಳದಿ, ನೀಲಿ, ನೇರಳೆ ಬಣ್ಣದಲ್ಲಿವೆ. ಸಿಂಪಲ್‌ಪ್ಲೇನ್ಸ್‌ನಲ್ಲಿ ಕೆಂಪು, ನೀಲಿ, ಹಳದಿ. ಒಂದರಲ್ಲಿ ಹಳದಿ ತೂಕ, ಇನ್ನೊಂದರಲ್ಲಿ ಹಳದಿ ಥ್ರಸ್ಟ್. ಎರಡನ್ನೂ ಆಡುವವರು ಒಮ್ಮೆಯಾದರೂ ಎಡವುತ್ತಾರೆ.

ತೂಕದ ಚುಕ್ಕೆ ಎಂದರೆ, ಬೆರಳಿನ ಮೇಲೆ ಸ್ಕೇಲ್ ನಿಲ್ಲಿಸುತ್ತೇವಲ್ಲ, ಆ ಬೆರಳು ಇರುವ ಜಾಗ. ಗಾಳಿಯಲ್ಲಿ ವಿಮಾನ ತಿರುಗುವುದೆಲ್ಲ ಈ ಚುಕ್ಕೆಯ ಸುತ್ತಲೇ. ಲಿಫ್ಟ್ ಚುಕ್ಕೆ ಎಂದರೆ ರೆಕ್ಕೆ, ಬಾಲ ಎಲ್ಲ ಸೇರಿ ಎತ್ತುವ ಬಲ ಒಟ್ಟಾಗಿ ಬೀಳುವ ಜಾಗ. ನಿಯಮ ಇಷ್ಟೇ: ಲಿಫ್ಟ್ ಚುಕ್ಕೆ ತೂಕದ ಚುಕ್ಕೆಗಿಂತ ಸ್ವಲ್ಪ ಹಿಂದೆ ಇರಬೇಕು.

ಯಾಕೆ ಹಿಂದೆ? ಬಾಣವನ್ನು ನೆನೆಸಿಕೊಳ್ಳಿ. ತುದಿ ಭಾರ, ಗರಿ ಹಿಂದೆ. ಬಾಣ ಓರೆಯಾದರೆ ಗಾಳಿ ಗರಿಯನ್ನು ತಳ್ಳಿ ನೇರ ಮಾಡುತ್ತದೆ. ಗರಿಯನ್ನು ಮುಂದಿಟ್ಟು ಬಿಟ್ಟರೆ ಬಾಣ ಗಾಳಿಯಲ್ಲೇ ತಿರುಗಿಬಿಡುತ್ತದೆ. ವಿಮಾನವೂ ಹಾಗೆಯೇ. ಮೂತಿ ಸ್ವಲ್ಪ ಎದ್ದಾಗ ಲಿಫ್ಟ್ ಹೆಚ್ಚುತ್ತದೆ. ಹೆಚ್ಚಿದ ಲಿಫ್ಟ್ ತೂಕದ ಚುಕ್ಕೆಯ ಹಿಂದೆ ಬಿದ್ದರೆ ಬಾಲ ಏಳುತ್ತದೆ, ಮೂತಿ ತಾನಾಗಿ ಇಳಿಯುತ್ತದೆ. ಮುಂದೆ ಬಿದ್ದರೆ ಮೂತಿ ಇನ್ನೂ ಏಳುತ್ತದೆ. ನನ್ನ ಮೊದಲ ವಿಮಾನದ ಕಥೆ ಅದೇ. ಮೂರು ಎಂಜಿನ್‌ಗಳ ಭಾರ ಬಾಲದಲ್ಲಿತ್ತು, ತೂಕದ ಚುಕ್ಕೆ ರೆಕ್ಕೆಯನ್ನು ದಾಟಿ ಹಿಂದೆ ಹೋಗಿತ್ತು.

ಎಷ್ಟು ಹಿಂದೆ? ರೆಕ್ಕೆಯ ಮುಂದಂಚಿನಿಂದ ಹಿಂದಂಚಿನವರೆಗಿನ ಅಳತೆಯನ್ನು ರೆಕ್ಕೆಯ ಅಗಲ ಎನ್ನೋಣ. ಎರಡು ಚುಕ್ಕೆಗಳ ನಡುವೆ ಆ ಅಗಲದ ಶೇ. 5ರಿಂದ 15ರಷ್ಟು ಅಂತರ ಇದ್ದರೆ ಒಳ್ಳೆಯದು. 3 ಮೀಟರ್ ಅಗಲದ ರೆಕ್ಕೆಗೆ 15ರಿಂದ 45 ಸೆಂಟಿಮೀಟರ್. ಅಂತರ ಜಾಸ್ತಿಯಾದಷ್ಟು ವಿಮಾನ ಸ್ಥಿರ, ಆದರೆ ಮೊಂಡು. ಮೂತಿ ಎತ್ತಲು ಎಲಿವೇಟರ್ (ಮೂತಿ ಏರಿಸಿ ಇಳಿಸುವ, ಅಲುಗುವ ಪಟ್ಟಿ) ಪೂರ್ತಿ ಎಳೆದರೂ ಏಳುವುದಿಲ್ಲ. ಕಡಿಮೆಯಾದಷ್ಟು ಚುರುಕು, ಆದರೆ ಕೈ ಸಡಿಲ ಬಿಟ್ಟರೆ ಕೆಟ್ಟಿತು. ಮೊದಲ ಸಲ ಕಟ್ಟುವವರು ಶೇ. 10ರ ಆಸುಪಾಸಿನಲ್ಲಿ ಶುರು ಮಾಡಿ.

ಚುಕ್ಕೆಗಳನ್ನು ಕೂದಲೆಳೆಯಷ್ಟು ನಿಖರ ಎಂದು ನಂಬಬೇಡಿ. ನಿಜವಾದ ವಿಮಾನದಲ್ಲಿ ಉದ್ದನೆಯ ಮೂತಿಗೆ ಬಡಿಯುವ ಗಾಳಿಯೂ ವಿಮಾನವನ್ನು ಅಸ್ಥಿರ ಮಾಡುತ್ತದೆ. ಮೂತಿ ತೀರಾ ಉದ್ದವಾಗಿದ್ದರೆ ಅಂತರವನ್ನು ಸ್ವಲ್ಪ ಧಾರಾಳವಾಗಿ ಇಡಿ.

ಹೆಜ್ಜೆ 1: ಭಾರದ ಸಾಮಾನು, ಅದಕ್ಕಿಂತ ಮುಖ್ಯವಾಗಿ ಇಂಧನ

ರೆಕ್ಕೆ ಮುಟ್ಟಬೇಡಿ. ಕಾಕ್‌ಪಿಟ್, ಟ್ಯಾಂಕ್, ಎಂಜಿನ್, ಸರಕು ಇಷ್ಟನ್ನೇ ಸಾಲಾಗಿ ಜೋಡಿಸಿ ತೂಕದ ಚುಕ್ಕೆ ನೋಡಿ. ಈಗ ಟ್ಯಾಂಕ್ ಖಾಲಿ ಮಾಡಿ ಮತ್ತೆ ನೋಡಿ. ಕೆರ್ಬಲ್‌ನಲ್ಲಿ ಟ್ಯಾಂಕ್ ಮೇಲೆ ರೈಟ್ ಕ್ಲಿಕ್ ಮಾಡಿ ಇಂಧನದ ಪಟ್ಟಿಯನ್ನು ಸೊನ್ನೆಗೆ ಎಳೆದರೆ ಚುಕ್ಕೆ ಕಣ್ಣೆದುರೇ ಸರಿಯುತ್ತದೆ. ಇದೊಂದು ಕೆಲಸ ಮಾಡದೆ ಎಷ್ಟೋ ಜನ ವಿಮಾನ ಕೆಡಿಸಿಕೊಳ್ಳುತ್ತಾರೆ. ಹೊರಟಾಗ ಬೆಣ್ಣೆಯಂತೆ ಹಾರಿದ್ದು, ವಾಪಸ್ ಬರುವಾಗ ಲಾಗ ಹಾಕುತ್ತದೆ. ಆಟದಲ್ಲಿ ಏನೋ ಬಗ್ ಇದೆ ಎಂದು ಬೈದುಕೊಳ್ಳುತ್ತೇವೆ. ಬಗ್ ಏನೂ ಇಲ್ಲ, ಇಂಧನ ಮುಗಿದಿದೆ ಅಷ್ಟೇ.

ಲೆಕ್ಕ ಹಾಕಿ ನೋಡೋಣ. ಪ್ರತಿ ಭಾಗದ ತೂಕವನ್ನು ಮೂತಿಯಿಂದ ಅದರ ದೂರಕ್ಕೆ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ತೂಕದಿಂದ ಭಾಗಿಸಿದರೆ ತೂಕದ ಚುಕ್ಕೆ ಸಿಗುತ್ತದೆ. ಕಾಕ್‌ಪಿಟ್ 1 ಟನ್, ಮೂತಿಯಿಂದ 1 ಮೀಟರ್ ದೂರ. ಟ್ಯಾಂಕ್ 3 ಮೀಟರ್‌ನಲ್ಲಿ, ತುಂಬಿದಾಗ 2.25 ಟನ್, ಖಾಲಿಯಾದಾಗ 0.25 ಟನ್. ಕೆರ್ಬಲ್‌ನ ಎಂಕೆ1 ಇಂಧನ ಟ್ಯಾಂಕ್ ತೂಗುವುದೂ ಇಷ್ಟೇ. ಎಂಜಿನ್‌ಗಳು 1.5 ಟನ್, 7 ಮೀಟರ್‌ನಲ್ಲಿ. ಮುಂದೆ ಬರಲಿರುವ ರೆಕ್ಕೆ, ಬಾಲ, ಚಕ್ರ ಸೇರಿ 1.25 ಟನ್, ಸರಾಸರಿ 5 ಮೀಟರ್‌ನಲ್ಲಿ ಎಂದು ಹಿಡಿಯಿರಿ.

ಟ್ಯಾಂಕ್ ತುಂಬಿದಾಗ ಒಟ್ಟು 6 ಟನ್, ಗುಣಿಸಿದ ಮೊತ್ತ 24.5. ಚುಕ್ಕೆ 4.08 ಮೀಟರ್‌ನಲ್ಲಿ. ಖಾಲಿಯಾದಾಗ 4 ಟನ್, ಮೊತ್ತ 18.5. ಚುಕ್ಕೆ 4.63 ಮೀಟರ್‌ಗೆ ಹೋಯಿತು. ಅರ್ಧ ಮೀಟರ್‌ಗಿಂತ ಜಾಸ್ತಿ ಹಿಂದೆ! ತುಂಬಿದ ಟ್ಯಾಂಕ್ ನೋಡಿಕೊಂಡು ಲಿಫ್ಟ್ ಚುಕ್ಕೆಯನ್ನು 4.5ಕ್ಕೆ ಇಟ್ಟಿದ್ದರೆ ಹೊರಡುವಾಗ ಎಲ್ಲ ಚೆನ್ನ. ಇಳಿಯುವ ಹೊತ್ತಿಗೆ ತೂಕದ ಚುಕ್ಕೆ ಅದನ್ನು ದಾಟಿ 13 ಸೆಂಟಿಮೀಟರ್ ಹಿಂದೆ ಕೂತಿರುತ್ತದೆ.

ಮದ್ದು ಸುಲಭ. ಟ್ಯಾಂಕ್ ಬಿಟ್ಟು ಉಳಿದದ್ದರ ತೂಕದ ಚುಕ್ಕೆ ಎಲ್ಲಿದೆ ನೋಡಿ, ಟ್ಯಾಂಕನ್ನು ಅಲ್ಲಿಗೇ ತನ್ನಿ. ಮೇಲಿನ ಲೆಕ್ಕದಲ್ಲಿ ಅದು 4.73 ಮೀಟರ್. ಟ್ಯಾಂಕಿನ ನಡುವನ್ನು ಅಲ್ಲಿ ಕೂರಿಸಿದರೆ ಇಂಧನ ತುಂಬಿರಲಿ, ಖಾಲಿಯಾಗಲಿ, ಚುಕ್ಕೆ ಕದಲುವುದಿಲ್ಲ. ಒಂದೇ ಟ್ಯಾಂಕ್ ಅಲ್ಲಿ ಹಿಡಿಸದಿದ್ದರೆ ಎರಡು ಮಾಡಿ, ಆ ಜಾಗದಿಂದ ಹಿಂದೊಂದು ಮುಂದೊಂದು ಸಮದೂರದಲ್ಲಿ ಇಡಿ. ಆಗ ಎರಡೂ ಸಮವಾಗಿ ಖಾಲಿಯಾಗುತ್ತಿವೆಯಾ ಎಂದು ಹಾರಾಟದಲ್ಲಿ ನೋಡಿಕೊಳ್ಳಿ.

ಇಂಧನವನ್ನು ಅಸ್ತ್ರವಾಗಿಯೂ ಬಳಸಬಹುದು. ಕಾಂಕಾರ್ಡ್ ವಿಮಾನ ಶಬ್ದದ ವೇಗ ದಾಟಿದಾಗ ಅದರ ಲಿಫ್ಟ್ ಕೇಂದ್ರ ಹಿಂದಕ್ಕೆ ಸರಿಯುತ್ತಿತ್ತು. ಆಗ ಇಂಧನವನ್ನು ಹಿಂದಿನ ಟ್ಯಾಂಕಿಗೆ ಪಂಪ್ ಮಾಡಿ ತೂಕವನ್ನೂ ಹಿಂದೆ ಒಯ್ಯುತ್ತಿದ್ದರು. ವೇಗ ಇಳಿಸುವಾಗ ಮತ್ತೆ ಮುಂದಕ್ಕೆ. ಕೆರ್ಬಲ್‌ನಲ್ಲೂ ಹಾರುತ್ತಲೇ ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಇಂಧನ ಸಾಗಿಸಬಹುದು. ಮೂತಿ ಏಳತೊಡಗಿದ ವಿಮಾನವನ್ನು ಈ ಉಪಾಯದಿಂದ ನಾನು ಎರಡು ಮೂರು ಸಲ ಉಳಿಸಿಕೊಂಡಿದ್ದೇನೆ.

ಹೆಜ್ಜೆ 2: ಬಾಲ

ಅಡ್ಡ ಬಾಲದ ವಿಸ್ತೀರ್ಣ ರೆಕ್ಕೆಯ ಐದನೇ ಒಂದರಿಂದ ನಾಲ್ಕನೇ ಒಂದು ಭಾಗದಷ್ಟಿದ್ದರೆ ಶುರು ಮಾಡಲು ಸಾಕು. ವಿಸ್ತೀರ್ಣಕ್ಕಿಂತ ದೂರ ಮುಖ್ಯ. ತೂಕದ ಚುಕ್ಕೆಯಿಂದ ಬಾಲದ ದೂರ ಎರಡರಷ್ಟಾದರೆ ಅರ್ಧ ವಿಸ್ತೀರ್ಣದ ಬಾಲವೇ ಅಷ್ಟು ಕೆಲಸ ಮಾಡುತ್ತದೆ. ಹಾರೆಗೋಲಿನ ಲೆಕ್ಕ. ಅಲ್ಲದೆ ಮೂತಿಯ ತೂಗಾಟ ತಣಿಸುವ ಶಕ್ತಿ ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಿಡ್ಡ ವಿಮಾನಗಳು ಕುದುರೆಯಂತೆ ಕುಣಿಯುವುದು ಇದಕ್ಕೇ.

ನಿಂತ ಬಾಲ ಬಾಣದ ಗರಿಯ ಕೆಲಸವನ್ನೇ ಎಡಬಲಕ್ಕೆ ಮಾಡುತ್ತದೆ. ಇಲ್ಲಿ ಜಿಪುಣತನ ಬೇಡ. ಕಟ್ಟುವ ಪರದೆಯಲ್ಲಿ ಇದಕ್ಕೆ ಬೇರೆ ಚುಕ್ಕೆ ಇರುವುದಿಲ್ಲ, ಹಾಗಾಗಿ ಎಲ್ಲರೂ ಮರೆಯುತ್ತಾರೆ. ವಿಮಾನವನ್ನು ಪಕ್ಕದಿಂದ ನೋಡಿ. ತೂಕದ ಚುಕ್ಕೆಯ ಹಿಂದಿರುವ ಮೈ ಮುಂದಿನದಕ್ಕಿಂತ ಕಣ್ಣಿಗೆ ಕಾಣುವಷ್ಟು ದೊಡ್ಡದಿರಬೇಕು.

ಹೆಜ್ಜೆ 3: ರೆಕ್ಕೆ

ಎಷ್ಟು ದೊಡ್ಡ ರೆಕ್ಕೆ ಎನ್ನುವುದನ್ನು ಇಳಿಯುವ ವೇಗ ಹೇಳುತ್ತದೆ. ಒಟ್ಟು ತೂಕವನ್ನು ರೆಕ್ಕೆಯ ವಿಸ್ತೀರ್ಣದಿಂದ ಭಾಗಿಸಿ. ಚದರ ಮೀಟರಿಗೆ 100 ಕಿಲೋ ಬಂದರೆ, ಸಮುದ್ರಮಟ್ಟದ ಗಾಳಿಯಲ್ಲಿ ಸಾಧಾರಣ ರೆಕ್ಕೆ ಸೆಕೆಂಡಿಗೆ ಸುಮಾರು 34 ಮೀಟರ್ ವೇಗಕ್ಕೆ ಇಳಿಯುವವರೆಗೆ ವಿಮಾನವನ್ನು ಹೊರುತ್ತದೆ. ಅಂದರೆ ಗಂಟೆಗೆ 120 ಕಿಲೋಮೀಟರ್ ಚಿಲ್ಲರೆ. ಅದಕ್ಕಿಂತ ನಿಧಾನವಾದರೆ ಸ್ಟಾಲ್, ಅಂದರೆ ರೆಕ್ಕೆಯ ಲಿಫ್ಟ್ ಸೋತು ವಿಮಾನ ಬೀಳತೊಡಗುತ್ತದೆ. 400 ಕಿಲೋ ಆದರೆ ಈ ವೇಗ ಎರಡರಷ್ಟು, ಸೆಕೆಂಡಿಗೆ 68 ಮೀಟರ್. ನಾಲ್ಕರಷ್ಟು ಭಾರಕ್ಕೆ ಎರಡರಷ್ಟು ವೇಗ, ಯಾಕೆಂದರೆ ಲಿಫ್ಟ್ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಸಿಂಪಲ್‌ಪ್ಲೇನ್ಸ್ ಈ ಭಾಗಾಕಾರವನ್ನು ತಾನೇ ಮಾಡಿ ತೋರಿಸುತ್ತದೆ. ಆಟಗಳ ರೆಕ್ಕೆ ನಿಜದ ರೆಕ್ಕೆಯಂತೆಯೇ ಇರಬೇಕಿಲ್ಲ, ಆದರೆ ಒಂದು ವಿಮಾನವನ್ನು ಇನ್ನೊಂದರ ಜೊತೆ ಹೋಲಿಸಲು ಈ ಸಂಖ್ಯೆ ಸಾಕು.

ಈಗ ರೆಕ್ಕೆಯನ್ನು ಹಚ್ಚಿ, ಲಿಫ್ಟ್ ಚುಕ್ಕೆ ತೂಕದ ಚುಕ್ಕೆಯ ಹಿಂದೆ ಬರುವ ತನಕ ಜರುಗಿಸಿ. ಒಂದು ಕೀಟಲೆ ಇದೆ: ರೆಕ್ಕೆಗೂ ತೂಕ ಇದೆ ಅಲ್ವಾ? 6 ಟನ್ ವಿಮಾನದಲ್ಲಿ 0.8 ಟನ್ ರೆಕ್ಕೆಯನ್ನು ಅರ್ಧ ಮೀಟರ್ ಹಿಂದೆ ತಳ್ಳಿದರೆ ತೂಕದ ಚುಕ್ಕೆಯೂ ಸುಮಾರು 7 ಸೆಂಟಿಮೀಟರ್ ಹಿಂದೆ ಬರುತ್ತದೆ. ನಿಮ್ಮ ನೆರಳನ್ನು ನೀವೇ ಅಟ್ಟಿಸಿಕೊಂಡು ಹೋದ ಹಾಗೆ ಅನಿಸಿದರೂ ಚಿಂತೆಯಿಲ್ಲ, ಲಿಫ್ಟ್ ಚುಕ್ಕೆ ಇದಕ್ಕಿಂತ ಬಹಳ ವೇಗವಾಗಿ ಸರಿಯುತ್ತದೆ. ಮೂರು ನಾಲ್ಕು ಸಲ ಜರುಗಿಸಿದರೆ ಕೂತುಕೊಳ್ಳುತ್ತದೆ. ರೆಕ್ಕೆಯಲ್ಲೇ ಇಂಧನ ತುಂಬಿದ್ದರೆ ಹೆಜ್ಜೆ 1ರ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.

ರೆಕ್ಕೆಯ ಮುಂದಂಚನ್ನು 2ರಿಂದ 5 ಡಿಗ್ರಿ ಮೇಲಕ್ಕೆ ಓರೆ ಮಾಡಿ ಕೂರಿಸಿ. ಲಿಫ್ಟ್ ಹುಟ್ಟಲು ರೆಕ್ಕೆ ಗಾಳಿಗೆ ಓರೆಯಾಗಿರಬೇಕು. ರೆಕ್ಕೆ ಮೊದಲೇ ಓರೆಯಾಗಿದ್ದರೆ ಒಡಲು ನೇರ ಇದ್ದೇ ಹಾರುತ್ತದೆ, ಗಾಳಿಯ ಎಳೆತ ಕಡಿಮೆಯಾಗುತ್ತದೆ. ಬಾಲವನ್ನು ಮಾತ್ರ ಹೀಗೆ ಮೇಲಕ್ಕೆ ಓರೆ ಮಾಡಬೇಡಿ. ತೂಕ ಮುಂದಿರುವುದರಿಂದ ಮೂತಿ ಇಳಿಯಲು ನೋಡುತ್ತಿರುತ್ತದೆ, ಅದನ್ನು ಎತ್ತಿ ಹಿಡಿಯಲು ಬಾಲ ಸ್ವಲ್ಪ ಕೆಳಕ್ಕೆ ಒತ್ತುತ್ತಿರಬೇಕು. ರೆಕ್ಕೆಯ ತುದಿಗಳನ್ನು 2-3 ಡಿಗ್ರಿ ಮೇಲಕ್ಕೆತ್ತಿದರೆ ಪಕ್ಕಕ್ಕೆ ವಾಲಿದ ವಿಮಾನ ತಾನಾಗಿ ಸಮವಾಗುತ್ತದೆ. ಹಿಂದಕ್ಕೆ ಬಾಗಿದ ರೆಕ್ಕೆಯಲ್ಲಿ ಈ ಗುಣ ಮೊದಲೇ ಇರುತ್ತದೆ, ಅಲ್ಲಿ ಮತ್ತೆ ಎತ್ತುವುದು ಬೇಡ. ಜಾಸ್ತಿಯಾದರೆ ವಿಮಾನ ಬಾತುಕೋಳಿಯಂತೆ ಓಲಾಡುತ್ತದೆ.

ಥ್ರಸ್ಟ್ ಚುಕ್ಕೆಯ ಬಗ್ಗೆ ಎರಡೇ ಮಾತು. ಪಕ್ಕದಿಂದ ನೋಡಿದಾಗ ಅದರ ಗೆರೆ ತೂಕದ ಚುಕ್ಕೆಯ ಮೂಲಕವೇ ಹಾಯಬೇಕು. ಮೇಲೆ ಹಾದರೆ ಥ್ರಾಟಲ್ (ಎಂಜಿನ್ ಶಕ್ತಿ) ಏರಿಸಿದಾಗಲೆಲ್ಲ ಮೂತಿ ಇಳಿಯುತ್ತದೆ, ಕೆಳಗೆ ಹಾದರೆ ಏಳುತ್ತದೆ. ಎಂಜಿನ್ ಸರಿಸಲು ಆಗದಿದ್ದರೆ ಅದನ್ನೇ ಒಂದೆರಡು ಡಿಗ್ರಿ ಓರೆ ಮಾಡಿ.

ಹೆಜ್ಜೆ 4: ಚಕ್ರ

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಕೆರ್ಬಲ್‌ನಲ್ಲಿ ನಾನು ಕಳೆದುಕೊಂಡ ವಿಮಾನಗಳಲ್ಲಿ ಗಾಳಿಯಲ್ಲಿ ಕೆಟ್ಟದ್ದಕ್ಕಿಂತ ರನ್‌ವೇ ಮೇಲೆ ಕೆಟ್ಟದ್ದೇ ಜಾಸ್ತಿ.

ಮೂತಿಯಲ್ಲಿ ಒಂದು, ಹಿಂದೆ ಎರಡು ಚಕ್ರ. ಹಿಂದಿನ ಎರಡು ತೂಕದ ಚುಕ್ಕೆಯ ಹಿಂದೆಯೇ ಇರಬೇಕು, ಆದರೆ ತುಸುವೇ ಹಿಂದೆ. ಮುಂದಿದ್ದರೆ ವಿಮಾನ ನಿಂತಲ್ಲೇ ಬಾಲ ಊರಿ ಕೂರುತ್ತದೆ. ಬಹಳ ಹಿಂದಿದ್ದರೆ ಮೂತಿ ಏಳುವುದೇ ಇಲ್ಲ, ರನ್‌ವೇ ಮುಗಿದು ವಿಮಾನ ಹುಲ್ಲಿಗೆ ಇಳಿಯುತ್ತದೆ. ಪಕ್ಕದಿಂದ ನೋಡಿ, ಚಕ್ರ ನೆಲ ಮುಟ್ಟುವ ಜಾಗದಿಂದ ತೂಕದ ಚುಕ್ಕೆಗೆ ಒಂದು ಗೆರೆ ಎಳೆದುಕೊಳ್ಳಿ. ಅದು ನೆಟ್ಟಗೆ ನಿಲ್ಲದೆ ಸುಮಾರು 15 ಡಿಗ್ರಿ ಮುಂದಕ್ಕೆ ವಾಲಿದ್ದರೆ ಸರಿ. ಮೂತಿ 10-12 ಡಿಗ್ರಿ ಎತ್ತಿದರೂ ಬಾಲ ನೆಲಕ್ಕೆ ತಾಗಬಾರದು. ತಾಗಿದರೆ ಚಕ್ರದ ಕಾಲು ಉದ್ದ ಮಾಡಿ ಅಥವಾ ಬಾಲದ ಕೆಳಭಾಗ ಮೇಲಕ್ಕೆ ಸವರಿ.

ಓಡುವಾಗ ವಿಮಾನ ಎಡಕ್ಕೋ ಬಲಕ್ಕೋ ಎಳೆಯುತ್ತಿದ್ದರೆ ಚಕ್ರಗಳು ನೆಟ್ಟಗಿಲ್ಲ ಎಂದರ್ಥ. ದುಂಡನೆಯ ಒಡಲಿಗೆ ಅಂಟಿಸಿದ ಚಕ್ರ ಅದರ ಓರೆಗೆ ತಕ್ಕಂತೆ ತಾನೂ ಓರೆಯಾಗುತ್ತದೆ. ಮುಂದಿನಿಂದ ನೋಡಿ ನೆಟ್ಟಗೆ ತಿರುಗಿಸಿ. ಬಳುಕುವ ರೆಕ್ಕೆಯ ತುದಿಗೆ ಚಕ್ರ ಹಾಕಬೇಡಿ. ಸ್ಟೀರಿಂಗ್ ಮೂತಿಯ ಚಕ್ರಕ್ಕೆ ಮಾತ್ರ, ಬ್ರೇಕಿನ ಬಲ ಹಿಂದಿನ ಚಕ್ರಗಳಿಗೆ ಜಾಸ್ತಿ. ಮೂತಿಯ ಚಕ್ರವೇ ಗಟ್ಟಿಯಾಗಿ ಬ್ರೇಕ್ ಹಿಡಿದರೆ ಹಿಂದಿನ ಭಾಗ ಸುತ್ತಿಕೊಂಡು ಮುಂದೆ ಬಂದುಬಿಡುತ್ತದೆ.

ಹೆಜ್ಜೆ 5: ಯಾರ ಕೆಲಸ ಯಾರಿಗೆ

ಕೆರ್ಬಲ್‌ನಲ್ಲಿ ಹಚ್ಚಿದ ಪ್ರತಿ ಕಂಟ್ರೋಲ್ ಸರ್ಫೇಸ್ (ವಿಮಾನ ತಿರುಗಿಸುವ, ಅಲುಗುವ ಪಟ್ಟಿ) ಪಿಚ್ (ಮೂತಿ ಏಳುವುದು, ಇಳಿಯುವುದು), ರೋಲ್ (ಪಕ್ಕಕ್ಕೆ ಉರುಳುವುದು), ಯಾ (ಮೂತಿ ಎಡಬಲಕ್ಕೆ ತಿರುಗುವುದು) ಮೂರಕ್ಕೂ ಉತ್ತರ ಕೊಡುತ್ತದೆ. ಸುಮ್ನೆ ಹಾಗೇ ಬಿಟ್ಟರೆ ಎತ್ತು ಏರಿಗೆ, ಕೋಣ ನೀರಿಗೆ. ರೆಕ್ಕೆಯ ತುದಿಯಲ್ಲಿರುವ ಐಲೆರಾನ್‌ಗೆ ರೋಲ್ ಮಾತ್ರ, ಅಡ್ಡ ಬಾಲಕ್ಕೆ ಪಿಚ್ ಮಾತ್ರ, ನಿಂತ ಬಾಲಕ್ಕೆ ಯಾ ಮಾತ್ರ ಬಿಟ್ಟು ಉಳಿದದ್ದನ್ನು ಆಫ್ ಮಾಡಿ. ತಿರುಗುವ ಕೋನವನ್ನೂ ಮೊದಲು ಕಡಿಮೆ ಇಡಿ. ವಿಮಾನ ನಡುಗುತ್ತಿದ್ದರೆ ಹತ್ತರಲ್ಲಿ ಎಂಟು ಸಲ ಕಾರಣ ಇದೇ.

ಬಾಲದ ಬದಲು ಮೂತಿಯ ಬಳಿ ಚಿಕ್ಕ ರೆಕ್ಕೆ ಇಡುವ ಕನಾರ್ಡ್ ವಿನ್ಯಾಸ ಎಲ್ಲರಿಗೂ ಇಷ್ಟ. ನೋಡಲು ಚೆಂದ, ನಿಜ. ಆದರೆ ಮುಂದೆ ಹಾಕಿದ ಪ್ರತಿ ರೆಕ್ಕೆ ಲಿಫ್ಟ್ ಚುಕ್ಕೆಯನ್ನೂ ಮುಂದೆ ಎಳೆಯುತ್ತದೆ. ದೊಡ್ಡ ರೆಕ್ಕೆಯನ್ನು ಅಷ್ಟು ಹಿಂದೆ ಒಯ್ಯಬೇಕಾಗುತ್ತದೆ. ಇನ್ನೊಂದು ವಿಷಯ, ಸ್ಟಾಲ್ ಆಗುವಾಗ ಮುಂದಿನ ಚಿಕ್ಕ ರೆಕ್ಕೆಯೇ ಮೊದಲು ಸೋಲಬೇಕು. ಆಗ ಮೂತಿ ಇಳಿದು ವೇಗ ಮರಳುತ್ತದೆ. ದೊಡ್ಡದು ಮೊದಲು ಸೋತರೆ ಬಾಲ ಕುಸಿಯುತ್ತದೆ, ಮುಂದಿನದು ಹೇಳಬೇಕಿಲ್ಲ. ಹಾಗಾಗಿ ಚಿಕ್ಕದನ್ನು ದೊಡ್ಡದಕ್ಕಿಂತ ಒಂದೆರಡು ಡಿಗ್ರಿ ಹೆಚ್ಚು ಓರೆ ಮಾಡಿ. ರೈಟ್ ಸಹೋದರರ 1903ರ ವಿಮಾನದಲ್ಲೂ ಎಲಿವೇಟರ್ ಮುಂದಿತ್ತು, ಅದೂ ಪಿಚ್‌ನಲ್ಲಿ ಅಸ್ಥಿರವೇ. ಡಿಸೆಂಬರ್ 17ರ ನಾಲ್ಕು ಹಾರಾಟಗಳಲ್ಲಿ ಅತಿ ಉದ್ದದ್ದು 59 ಸೆಕೆಂಡ್, 260 ಮೀಟರ್. ನಿಮ್ಮ ಮೊದಲ ಕನಾರ್ಡ್ ಒಂದು ನಿಮಿಷದಲ್ಲಿ ಬಿದ್ದರೆ ಬೇಜಾರು ಬೇಡ.

ಹೆಜ್ಜೆ 6: ಹಾರಿಸಿ ನೋಡುವುದು

ಮೊದಲು ಹಾರಬೇಡಿ. ರನ್‌ವೇ ಮೇಲೆ ಜೋರಾಗಿ ಓಡಿಸಿ, ಬ್ರೇಕ್ ಹಿಡಿದು ನಿಲ್ಲಿಸಿ. ನೇರ ಓಡಿತೇ, ನೇರ ನಿಂತಿತೇ? ಹೌದು ಎಂದಾದರೆ ಮುಂದಿನ ಸಲ ಎತ್ತಿ.

ಮೇಲೆ ಹೋದ ಮೇಲೆ ಎಸ್‌ಎಎಸ್ (ವಿಮಾನವನ್ನು ತಾನೇ ನೇರ ಹಿಡಿದಿಡುವ ಆಟದ ವ್ಯವಸ್ಥೆ) ಆಫ್ ಮಾಡಿ. ಅದು ನಿಮ್ಮ ತಪ್ಪುಗಳನ್ನೆಲ್ಲ ಮುಚ್ಚಿಡುತ್ತದೆ. 1974ರಲ್ಲಿ ಮೊದಲು ಹಾರಿದ ಎಫ್-16ರಲ್ಲಿ ಬೇಕೆಂದೇ ಸ್ಥಿರತೆ ಕಡಿಮೆ ಮಾಡಿ, ಅದನ್ನು ಹಿಡಿದಿಡುವ ಕೆಲಸವನ್ನು ವಿದ್ಯುತ್ ನಿಯಂತ್ರಣಕ್ಕೆ ಬಿಟ್ಟಿದ್ದರು. ಅದು ಲೆಕ್ಕ ಹಾಕಿ ಮಾಡಿದ್ದು. ನಮ್ಮದು ಗೊತ್ತಿಲ್ಲದೆ ಆದದ್ದು.

ಅರ್ಧ ಥ್ರಾಟಲ್‌ನಲ್ಲಿ ನೇರ ಹಾರುತ್ತಾ, ಮೂತಿಯನ್ನು 5 ಡಿಗ್ರಿ ಎತ್ತಿ ಕೈ ಬಿಡಿ. ಒಂದೆರಡು ಸಲ ತೂಗಿ ಮೊದಲಿನ ಸ್ಥಿತಿಗೆ ಬಂದರೆ ಗೆದ್ದಿರಿ. ಎತ್ತಿದಲ್ಲೇ ನಿಂತರೆ ಎರಡು ಚುಕ್ಕೆಗಳು ಒಂದರ ಮೇಲೊಂದು ಕೂತಿವೆ, ರೆಕ್ಕೆಯನ್ನು ಒಂದು ಗೇಣು ಹಿಂದೆ ಸರಿಸಿ. ಇನ್ನೂ ಏಳುತ್ತಾ ಹೋದರೆ ಲಿಫ್ಟ್ ಮುಂದಿದೆ. ಸ್ಥಿರವಾಗಿದ್ದೂ ಸದಾ ಮೂತಿ ಇಳಿಸುತ್ತಿದ್ದರೆ ರೆಕ್ಕೆ ಮುಟ್ಟಬೇಡಿ, ಟ್ರಿಮ್ ಕೊಡಿ (ಮೂತಿಯನ್ನು ಸದಾ ತುಸು ಎತ್ತುವಂತೆ ಎಲಿವೇಟರನ್ನು ನಿಲ್ಲಿಸಿಡಿ) ಅಥವಾ ಬಾಲದ ಮುಂದಂಚನ್ನು ಒಂದು ಡಿಗ್ರಿ ಕೆಳಗೆ ಮಾಡಿ. ಈ ಎರಡು ಕಾಯಿಲೆಗಳನ್ನು ಗೊಂದಲ ಮಾಡಿಕೊಂಡು ನಾನು ಬಹಳ ವಿಮಾನ ಹಾಳು ಮಾಡಿದ್ದೇನೆ. ಕೈ ಬಿಟ್ಟಾಗ ಓಡಿಹೋಗುವುದು ಸ್ಥಿರತೆಯ ದೋಷ, ಒಂದೇ ಕಡೆ ಎಳೆಯುವುದು ಟ್ರಿಮ್ ದೋಷ. ಮದ್ದು ಬೇರೆ ಬೇರೆ.

ತಿರುವಿನಲ್ಲಿ ಬಾಲ ಹೊರಗೆ ಜಾರಿದರೆ ನಿಂತ ಬಾಲ ಚಿಕ್ಕದಾಗಿದೆ. ಒಂದು ಪಕ್ಕಕ್ಕೇ ವಾಲುತ್ತಿದ್ದರೆ ಎಲ್ಲೋ ಒಂದು ಭಾಗ ಎಡಬಲ ಜೋಡಿಯಿಲ್ಲದೆ ಕೂತಿದೆ. ಆಮೇಲೆ ಸಾಕಷ್ಟು ಎತ್ತರದಲ್ಲಿ ಥ್ರಾಟಲ್ ಇಳಿಸಿ, ಮೂತಿ ಎತ್ತಿ ಹಿಡಿದು ಬೇಕೆಂದೇ ಸ್ಟಾಲ್ ಮಾಡಿ. ಮೂತಿ ಮೊದಲು ಬಿದ್ದರೆ ಒಳ್ಳೆಯ ವಿಮಾನ. ಸ್ಟಾಲ್ ಆದ ವೇಗವನ್ನು ಬರೆದಿಟ್ಟುಕೊಳ್ಳಿ.

ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿ ಬದಲಾವಣೆಗೂ ಹೊಸ ಸಂಖ್ಯೆ ಕೊಟ್ಟು ಸೇವ್ ಮಾಡಿ.

ಕೊನೆಯ ಹಾರಾಟವನ್ನು ಟ್ಯಾಂಕಿನಲ್ಲಿ ಹತ್ತನೇ ಒಂದು ಭಾಗ ಇಂಧನ ಇಟ್ಟುಕೊಂಡೇ ಶುರು ಮಾಡಿ. ಮೇಲಿನ ಪರೀಕ್ಷೆಗಳನ್ನೆಲ್ಲ ಬೇಗ ಒಮ್ಮೆ ಮಾಡಿ, ಬರೆದಿಟ್ಟ ಸ್ಟಾಲ್ ವೇಗದ 1.3ರಷ್ಟು ವೇಗದಲ್ಲಿ ರನ್‌ವೇ ಕಡೆ ಬನ್ನಿ. ನೆಲದ ಹತ್ತಿರ ಥ್ರಾಟಲ್ ಇಳಿಸಿ, ಮೂತಿ ತುಸು ಎತ್ತಿ ಹಿಡಿದು ಹಿಂದಿನ ಚಕ್ರಗಳನ್ನು ಮೊದಲು ಮುಟ್ಟಿಸಿ. ಮೂತಿ ತಾನಾಗಿ ಇಳಿಯುವವರೆಗೆ ಬ್ರೇಕ್ ಮುಟ್ಟಬೇಡಿ.